ಶಿಯಾನ್‌ನಲ್ಲಿ ಒಂದು ದಿನ, ಸುತ್ತಾಟ ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಚೀನಾ ಪ್ರವಾಸಕ್ಕೆ ಹೊರಡುವ ನಮ್ಮವರು ಸಾಮಾನ್ಯವಾಗಿ ಬೀಜಿಂಗ್‌ಗೆ ಮೂರು ದಿನ, ಶಾಂಘೈಗೆ ಎರಡು ದಿನ ಇಟ್ಟು, ನಡುವೆ ಶಿಯಾನ್‌ಗೆ ಒಂದೇ ಒಂದು ದಿನ ಉಳಿಸಿಕೊಳ್ಳುತ್ತಾರೆ. ಆ ದಿನವನ್ನು ಎಲ್ಲಿ ಕಳೆಯಬೇಕು, ಏನು ತಿನ್ನಬೇಕು, ಸಸ್ಯಾಹಾರಿಗಳ ಗತಿಯೇನು ಎಂದು ಕೇಳಿದವರಿಗೆ ಹೇಳುತ್ತಾ ಬಂದದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಶಿಯಾನ್ ಯಾವ ಊರು? ಈ ಹೆಸರನ್ನು ಕೇಳಿದ ನೆನಪಿಲ್ಲವಲ್ಲ?

ಚಾಂಗಾನ್ ಎಂಬ ಹಳೆಯ ಹೆಸರಿನಲ್ಲಿ ಕೇಳಿರುತ್ತೀರಿ. ರೇಷ್ಮೆ ಮಾರ್ಗದ ಪೂರ್ವದ ತುದಿ ಇದೇ. ಇಂದು ಶಾನ್‌ಶಿ ಪ್ರಾಂತ್ಯದ ರಾಜಧಾನಿ. ಉತ್ತರಕ್ಕೆ ವೇಯ್ ನದಿ, ದಕ್ಷಿಣಕ್ಕೆ ಛಿನ್‌ಲಿಂಗ್ ಪರ್ವತ ಸಾಲು. ಹಾನ್, ಸುಯಿ, ತಾಂಗ್ ವಂಶಗಳು ಇಲ್ಲಿಂದ ರಾಜ್ಯವಾಳಿದವು. ಚೀನಾವನ್ನು ಮೊದಲ ಬಾರಿಗೆ ಒಂದುಗೂಡಿಸಿದ ಛಿನ್ ಚಕ್ರವರ್ತಿಯ ರಾಜಧಾನಿ ಶಿಯಾನ್‌ಯಾಂಗ್ ಕೂಡ ಇಲ್ಲೇ ಪಕ್ಕದಲ್ಲಿತ್ತು.

ಒಂದು ಸಂಗತಿಯನ್ನು ಮೊದಲೇ ತಿಳಿದುಕೊಂಡರೆ ಊರಿನ ನಕ್ಷೆ ಸಲೀಸಾಗಿ ಅರ್ಥವಾಗುತ್ತದೆ. ತಾಂಗ್ ಕಾಲದ ಚಾಂಗಾನ್ ಸುಮಾರು 84 ಚದರ ಕಿಲೋಮೀಟರ್ ಹರಡಿತ್ತು. ಪಗಡೆ ಹಾಸಿನಂತೆ ಚೌಕ ಚೌಕವಾಗಿ ಕೇರಿಗಳು, ಪ್ರತಿ ಕೇರಿಗೂ ಅದರದೇ ಗೋಡೆ ಮತ್ತು ಬಾಗಿಲು. ಸಂಜೆ ನಗಾರಿ ಬಾರಿಸಿದ ಮೇಲೆ ಆ ಬಾಗಿಲುಗಳು ಮುಚ್ಚಿಬಿಡುತ್ತಿದ್ದವು. ಈಗ ನಮಗೆ ಕಾಣುವ ಕೋಟೆ ಅದಲ್ಲ. ಇದು ಮಿಂಗ್ ವಂಶದವರು ಬಹಳ ತಡವಾಗಿ ಕಟ್ಟಿದ್ದು, ಇದರ ಒಳಗಿರುವುದು ತಾಂಗ್ ನಗರದ ಸುಮಾರು ಏಳನೆಯ ಒಂದು ಭಾಗ ಮಾತ್ರ. ಹೀಗಾಗಿಯೇ ಅಂದು ನಗರದ ಒಳಗಿದ್ದ ಎರಡು ಪ್ರಸಿದ್ಧ ಪಗೋಡಗಳು ಇಂದು ಕೋಟೆಯ ಹೊರಗೆ, ದಕ್ಷಿಣಕ್ಕೆ ನಿಂತಿವೆ.

ಒಂದೇ ದಿನ ಇರುವುದು. ಮಣ್ಣಿನ ಸೈನಿಕರನ್ನು ನೋಡದೆ ಬರುವುದು ಸರಿಯೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಇದಕ್ಕೆ ನನ್ನ ಉತ್ತರ ಹಲವರಿಗೆ ಹಿಡಿಸುವುದಿಲ್ಲ. ಒಂದೇ ದಿನ ಇದ್ದರೆ ಊರನ್ನೇ ನೋಡಿ. ಸೈನಿಕರಿಗಾಗಿ ಇನ್ನೊಂದು ದಿನ ಹುಟ್ಟಿಸಿಕೊಳ್ಳಲು ಸಾಧ್ಯವೇ ಎಂದು ಯೋಚಿಸಿ. ಛಿನ್ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂತಿಟ್ಟ ಈ ಮಣ್ಣಿನ ಸೈನಿಕರು ಇರುವುದು ಶಿಯಾನ್ ನಗರದಲ್ಲಲ್ಲ, ಪೂರ್ವಕ್ಕೆ ಸುಮಾರು 35-40 ಕಿಲೋಮೀಟರ್ ದೂರದ ಲಿನ್‌ತೊಂಗ್ ಬಳಿ. ಹೋಗುವುದು, ಬರುವುದು, ಸರದಿಯಲ್ಲಿ ನಿಲ್ಲುವುದು, ಅವರು ನಿಂತಿರುವ ಮೂರೂ ಗುಂಡಿಗಳನ್ನು ನೋಡುವುದು ಎಲ್ಲ ಸೇರಿದರೆ ದಿನದ ಮುಕ್ಕಾಲು ಭಾಗ ಅಲ್ಲಿಗೇ ಮುಗಿಯುತ್ತದೆ. ಸಂಜೆ ದಣಿದು ಬಂದು ಗಂಟೆ ಗೋಪುರದ ಮುಂದೆ ಒಂದು ಫೋಟೋ ತೆಗೆಸಿಕೊಂಡು ರೈಲು ಹತ್ತುವವರನ್ನು ನೋಡಿದರೆ ನಿಜವಾಗಿಯೂ ಬೇಸರವಾಗುತ್ತದೆ. ಅವರು ನೋಡಿದ್ದು ಒಂದು ಸಮಾಧಿಯನ್ನು. ಅದರ ಪಕ್ಕದಲ್ಲಿ ಸಾವಿರಾರು ವರ್ಷ ಬದುಕಿದ, ಈಗಲೂ ಬದುಕುತ್ತಿರುವ ಊರು ಅವರ ಕೈತಪ್ಪಿತು.

ಎರಡು ದಿನ ಸಿಕ್ಕರೆ ಮಾತೇ ಬೇರೆ. ಎರಡನೆಯ ದಿನದ ವಿಷಯವನ್ನು ಕೊನೆಯಲ್ಲಿ ಹೇಳಿದ್ದೇನೆ.

ದಿನವನ್ನು ಎಲ್ಲಿಂದ ಶುರು ಮಾಡಬೇಕು?

ಕೋಟೆಯಿಂದ, ಅದರಲ್ಲೂ ಯೊಂಗ್‌ನಿಂಗ್ ಎಂಬ ದಕ್ಷಿಣದ ಹೆಬ್ಬಾಗಿಲಿನಿಂದ. ಮೆಟ್ರೋ ಎರಡನೆಯ ಮಾರ್ಗದ ಯೊಂಗ್‌ನಿಂಗ್‌ಮೆನ್ ನಿಲ್ದಾಣದಲ್ಲಿ ಇಳಿದರೆ ಸಾಕು. ಬೆಳಿಗ್ಗೆ ಎಂಟರ ಸುಮಾರಿಗೆ ಮೇಲೆ ಹತ್ತಿದರೆ ಗದ್ದಲ ಇರುವುದಿಲ್ಲ, ಬಿಸಿಲೂ ಏರಿರುವುದಿಲ್ಲ.

ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, 1370ರ ದಶಕದಲ್ಲಿ ಕಟ್ಟಿದ ಕೋಟೆ ಇದು. ಸುತ್ತಳತೆ ಸುಮಾರು 13.7 ಕಿಲೋಮೀಟರ್, ಎತ್ತರ 12 ಮೀಟರ್. ಗೋಡೆಯ ತಲೆಯ ಮೇಲೇ 12ರಿಂದ 14 ಮೀಟರ್ ಅಗಲದ ದಾರಿ ಇದೆ. ಒಳಗೆ ಗಟ್ಟಿಯಾಗಿ ಬಡಿದ ಮಣ್ಣು, ಹೊರಗೆ ಇಟ್ಟಿಗೆಯ ಹೊದಿಕೆ, ಅದರಾಚೆ ಕಂದಕ. ಸುಮಾರು 120 ಮೀಟರ್‌ಗೊಂದು ಬತೇರಿ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದೆ. ಈ ಅಂತರಕ್ಕೆ ಒಂದು ಲೆಕ್ಕವಿದೆ. ಎರಡು ಬತೇರಿಗಳ ಮೇಲೆ ನಿಂತ ಬಿಲ್ಲುಗಾರರು ತಲಾ ಅರ್ಧ ದೂರಕ್ಕೆ ಬಾಣ ಬಿಟ್ಟರೂ, ನಡುವಿನ ಗೋಡೆಗೆ ಏಣಿ ಹಾಕುವ ಶತ್ರು ಎರಡೂ ಕಡೆಯಿಂದ ಸಿಕ್ಕಿಬೀಳುತ್ತಾನೆ. ಮೇಲೆ ನಡೆಯುವಾಗ ಒಂದು ಬತೇರಿಯ ಅಂಚಿಗೆ ಹೋಗಿ ಪಕ್ಕಕ್ಕೆ ಕಣ್ಣು ಹಾಯಿಸಿ. ಯಾರೂ ವಿವರಿಸಬೇಕಾಗಿಲ್ಲ, ಗೋಡೆಯೇ ಹೇಳುತ್ತದೆ.

ಮೇಲೆ ಬಾಡಿಗೆಗೆ ಸೈಕಲ್ ಸಿಗುತ್ತದೆ, ಇಬ್ಬರು ತುಳಿಯುವ ಸೈಕಲ್ ಸಹ. ನಿಧಾನವಾಗಿ ತುಳಿದರೆ ಒಂದೂವರೆ ಗಂಟೆಯಿಂದ ಎರಡು ಗಂಟೆಯಲ್ಲಿ ಪೂರ್ತಿ ಸುತ್ತು ಮುಗಿಯುತ್ತದೆ. ಇಟ್ಟಿಗೆಯ ನೆಲ ಒರಟು, ಕೈ ಮತ್ತು ಸೊಂಟ ಅಲ್ಲಾಡುತ್ತವೆ. ಬೆನ್ನುನೋವು ಇರುವವರು ಸೈಕಲ್ ಬಿಟ್ಟು, ದಕ್ಷಿಣದ ಹೆಬ್ಬಾಗಿಲಿನಿಂದ ಪೂರ್ವಕ್ಕೆ ವೆನ್‌ಛಾಂಗ್ ಬಾಗಿಲಿನವರೆಗೆ ನಡೆದು ಅಲ್ಲೇ ಇಳಿಯಲಿ. ಕೋಟೆಯ ಅತಿ ಚೆಂದದ ತುಂಡು ಅದೇ. ಒಳಬದಿಯಲ್ಲಿ ಬೂದು ಹೆಂಚಿನ ಹಳೆಯ ಮನೆಗಳ ಸಾಲು, ಹೊರಬದಿಯಲ್ಲಿ ಕಂದಕದ ದಡದ ಉದ್ಯಾನದಲ್ಲಿ ಬೆಳಗಿನ ಕಸರತ್ತು ಮಾಡುವ ಹಿರಿಯರು.

ಶಿಲಾಶಾಸನಗಳ ಸಂಗ್ರಹಾಲಯಕ್ಕೆ ಹೋಗಬೇಕೇ? ಚೀನೀ ಓದಲು ಬಾರದವರಿಗೆ ಅಲ್ಲಿ ಏನಿದೆ?

ಹೋಗಲೇಬೇಕು. ಶಾಸನಗಳ ನಾಡಿನಿಂದ ಹೋದ ಕನ್ನಡಿಗರಂತೂ ಇದನ್ನು ಬಿಡಬಾರದು. ವೆನ್‌ಛಾಂಗ್ ಬಾಗಿಲಿನ ಹತ್ತಿರವೇ ಇರುವ ಬೇಯ್‌ಲಿನ್ ಸಂಗ್ರಹಾಲಯ ಇದು; 1087ರಲ್ಲಿ ಆರಂಭವಾಯಿತು. ತಾಂಗ್ ಕಾಲದಲ್ಲಿ, 837ರಲ್ಲಿ, ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನೆಲ್ಲ ತಪ್ಪಿಲ್ಲದ ಪಾಠವೊಂದು ಉಳಿಯಲಿ ಎಂದು ಕಲ್ಲಿನಲ್ಲಿ ಕೆತ್ತಿಸಿದರು. 114 ಬಂಡೆಗಳು, ಎರಡೂ ಬದಿಯಲ್ಲಿ ಅಕ್ಷರ, ಒಟ್ಟು ಆರೂವರೆ ಲಕ್ಷ ಅಕ್ಷರಗಳು. ಕಪ್ಪು ಕಲ್ಲಿನ ಸಾಲುಗಳ ನಡುವೆ ನಡೆಯುತ್ತಿದ್ದರೆ ಗ್ರಂಥಾಲಯದ ಕಪಾಟುಗಳ ನಡುವೆ ನಡೆದ ಹಾಗೆಯೇ ಇರುತ್ತದೆ.

ಇನ್ನೊಂದು ಕಲ್ಲನ್ನು ಹುಡುಕಿಕೊಂಡು ಹೋಗಿ: ಆಮೆಯ ಬೆನ್ನಿನ ಮೇಲೆ ನಿಂತ, 781ರ ಶಾಸನ. ಸಿರಿಯಾ ಸಂಪ್ರದಾಯದ ಕ್ರೈಸ್ತರು ಚೀನಾಕ್ಕೆ ಬಂದ ಕಥೆಯನ್ನು ಅದು ಹೇಳುತ್ತದೆ. ತಲೆಯ ಭಾಗದಲ್ಲಿ ಸಣ್ಣದೊಂದು ಶಿಲುಬೆ ಇದೆ, ಕೆಳಗೆ ಮತ್ತು ಪಕ್ಕಗಳಲ್ಲಿ ಸಿರಿಯಾಕ್ ಲಿಪಿಯ ಸಾಲುಗಳಿವೆ. ಎಂಟನೆಯ ಶತಮಾನದ ಚಾಂಗಾನ್ ಎಷ್ಟು ತೆರೆದ ಊರಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದೃಷ್ಟವಿದ್ದರೆ ಪಡಿಯಚ್ಚು ತೆಗೆಯುವುದನ್ನೂ ನೋಡಬಹುದು. ಒದ್ದೆ ಮಾಡಿದ ತೆಳ್ಳನೆಯ ಕಾಗದವನ್ನು ಕಲ್ಲಿಗೆ ಅಂಟಿಸುತ್ತಾರೆ. ಕುಂಚದಿಂದ ತಟ್ಟಿ ತಟ್ಟಿ ಅಕ್ಷರಗಳ ಕುಳಿಯೊಳಗೆ ಕಾಗದ ಇಳಿಯುವಂತೆ ಮಾಡುತ್ತಾರೆ. ಆಮೇಲೆ ಬಟ್ಟೆಯ ಉಂಡೆಗೆ ಶಾಯಿ ಹಚ್ಚಿ ಮೇಲೆ ಹಗುರವಾಗಿ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ಕೆತ್ತಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ನಮ್ಮಲ್ಲಿ ಶಾಸನತಜ್ಞರು ಊರೂರು ಅಲೆದು ಮಾಡುವ ಕೆಲಸವೂ ಇದೇ.

ಗಂಟೆ ಗೋಪುರ, ನಗಾರಿ ಗೋಪುರ ಎರಡನ್ನೂ ಹತ್ತಬೇಕೇ?

ಒಂದು ಸಾಕು. ಗಂಟೆ ಗೋಪುರ 1384ರದ್ದು. 1582ರಲ್ಲಿ ಅದನ್ನು ಈಗಿನ ನಡುವೃತ್ತದ ಜಾಗಕ್ಕೆ ಸ್ಥಳಾಂತರಿಸಿದರು. ನಗಾರಿ ಗೋಪುರ 1380ರದ್ದು. ಗಂಟೆ ಗೋಪುರವನ್ನು ರಾತ್ರಿ ದೀಪ ಹಚ್ಚಿದ ಮೇಲೆ ಕೆಳಗಿನಿಂದ ನೋಡುವುದೇ ಚೆಂದ. ಹತ್ತುವುದಾದರೆ ನಗಾರಿ ಗೋಪುರ ಹತ್ತಿ; ಸಾಲಾಗಿ ಇಟ್ಟ 24 ನಗಾರಿಗಳಿವೆ, ಚೀನೀ ಪಂಚಾಂಗ ವರ್ಷವನ್ನು ಭಾಗಿಸುವ 24 ಋತುಸಂಧಿಗಳಿಗೆ ಒಂದೊಂದು. ಅದರ ಬೆನ್ನಿಗೇ ಮುಸ್ಲಿಂ ಕೇರಿ ಶುರುವಾಗುತ್ತದೆ.

ಚೀನಾದಲ್ಲಿ ಮುಸ್ಲಿಂ ಕೇರಿಯೇ? ಅಲ್ಲಿನ ಮಸೀದಿಯೊಳಗೆ ಬೇರೆಯವರನ್ನು ಬಿಡುತ್ತಾರೆಯೇ?

ರೇಷ್ಮೆ ಮಾರ್ಗದಲ್ಲಿ ಬಂದು ನೆಲೆಸಿದ ಅರಬ್, ಪರ್ಷಿಯಾ, ಮಧ್ಯ ಏಷ್ಯಾದ ವ್ಯಾಪಾರಿಗಳ ಸಂತತಿ ಎಂದು ಹೇಳಿಕೊಳ್ಳುವ ಹ್ವೇಯ್ ಸಮುದಾಯದವರು ಇಲ್ಲಿದ್ದಾರೆ. ಮಾತು ಚೀನೀ, ನಂಬಿಕೆ ಇಸ್ಲಾಂ, ಅಡುಗೆ ಎರಡರದ್ದೂ.

ದೊಡ್ಡ ಮಸೀದಿಗೆ ಟಿಕೆಟ್ ಕೊಂಡು ಹೋಗಬಹುದು. ಪ್ರಾರ್ಥನಾ ಮಂದಿರದ ಒಳಗೆ ಮಾತ್ರ ಮುಸ್ಲಿಮರಿಗಷ್ಟೇ ಪ್ರವೇಶ. ಬಾಗಿಲಲ್ಲಿ ನಿಂತು ನೋಡಬಹುದು. 742ರಲ್ಲಿ ಸ್ಥಾಪನೆಯಾಯಿತು ಎನ್ನುವುದು ಪರಂಪರೆಯ ಮಾತು, ಈಗಿನ ಕಟ್ಟಡಗಳು ಮಿಂಗ್ ಕಾಲದಿಂದೀಚಿನವು. ಗುಮ್ಮಟವನ್ನು ಹುಡುಕಬೇಡಿ, ಇಲ್ಲ. ಒಂದರ ಹಿಂದೆ ಒಂದು ಅಂಗಳ, ಮರದ ಕಮಾನು, ನೀಲಿ ಹೊಳಪಿನ ಹೆಂಚು. ಮಿನಾರಿನ ಜಾಗದಲ್ಲಿ ಎಂಟು ಮೂಲೆಯ, ಪಗೋಡದಂತಹ ಗೋಪುರ. ಚೀನೀ ದೇವಾಲಯಗಳು ಸಾಮಾನ್ಯವಾಗಿ ದಕ್ಷಿಣೋತ್ತರವಾಗಿ ಇರುತ್ತವೆ. ಇದು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ, ಮೆಕ್ಕಾದ ಕಡೆಗೆ ಮುಖ ಮಾಡಿದೆ. ಹೊರಗೆ ಬೀದಿಯಲ್ಲಿ ಕಿವಿಗಡಚಿಕ್ಕುವ ಸದ್ದು, ಒಳಗೆ ಹಕ್ಕಿಗಳ ದನಿ ಬಿಟ್ಟರೆ ಏನೂ ಇಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಮಧ್ಯಾಹ್ನದ ಊಟ ಆ ಕೇರಿಯಲ್ಲೇ ಮಾಡಬಹುದೇ?

ಮಾಡಬಹುದು, ಆದರೆ ಮುಖ್ಯ ಬೀದಿಯಲ್ಲಿ ಬೇಡ. ನಗಾರಿ ಗೋಪುರದಿಂದ ನೇರ ಉತ್ತರಕ್ಕೆ ಹೋಗುವ ಬೇಯ್‌ಯುವಾನ್‌ಮೆನ್ ಬೀದಿ ಪೂರ್ತಿಯಾಗಿ ಪ್ರವಾಸಿಗರಿಗೆ ಮೀಸಲಾಗಿಬಿಟ್ಟಿದೆ. ಕಡ್ಡಿಗೆ ಚುಚ್ಚಿದ ಅದೇ ಮಾಂಸ, ಅದೇ ಬಣ್ಣದ ಪಾನಕ, ಅಂಗಡಿಯಿಂದ ಅಂಗಡಿಗೆ ಅದೇ ಫಲಕ. ಅಲ್ಲಿ ನಡೆದು ನೋಡಿ, ಹೊಟ್ಟೆ ತುಂಬಿಸಿಕೊಳ್ಳಬೇಡಿ. ಪಕ್ಕದ ಶಿಯಾಂಗ್‌ಶಿ, ದಾಪಿಯುವಾನ್ ಓಣಿಗಳಿಗೆ ತಿರುಗಿ. ಇನ್ನೂ ಪಶ್ಚಿಮಕ್ಕೆ ಸಾಜಿನ್‌ಛಿಯಾವ್ ಬೀದಿಗೆ ಹೋದರೆ ಊರಿನವರೇ ತಿನ್ನುವ ಅಂಗಡಿಗಳು ಸಿಗುತ್ತವೆ. ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ಕುರ್ಚಿ ಸಣ್ಣದು, ಮೇಜು ಅಂಟಂಟು, ರುಚಿ ಅಪ್ಪಟ.

ಒಂದು ಎಚ್ಚರಿಕೆ. ಈ ಕೇರಿಯಲ್ಲಿ ಹಂದಿ ಮಾಂಸ ಇರುವುದಿಲ್ಲ. ದನ ಮತ್ತು ಕುರಿಯ ಮಾಂಸ ಇರುತ್ತದೆ. ಕೇರಿಯ ಹೊರಗೆ ಹಂದಿ ಮಾಂಸವೇ ಹೆಚ್ಚು. ರೊಟ್ಟಿಯನ್ನು ಸೀಳಿ, ಮಸಾಲೆ ನೀರಿನಲ್ಲಿ ಬೆಂದ ಮಾಂಸವನ್ನು ಕೊಚ್ಚಿ ತುಂಬುವ ರೌಜ್ಯಾಮೊ ಎಂಬ ತಿನಿಸು ಎರಡೂ ಕಡೆ ಸಿಗುತ್ತದೆ, ಒಳಗಿನ ಮಾಂಸ ಬೇರೆ ಬೇರೆ. ಯಾವುದನ್ನು ತಿನ್ನುವುದಿಲ್ಲವೋ ಅದನ್ನು ನೋಡಿಕೊಂಡು ಅಂಗಡಿ ಆರಿಸಿಕೊಳ್ಳಿ.

ಮಾಂಸಾಹಾರಿಗಳು ಒಂದೇ ಒಂದು ತಿನಿಸು ತಿನ್ನುವುದಾದರೆ ಯಾವುದು?

ಪಾವ್‌ಮೊ. ಕುರಿ ಅಥವಾ ದನದ ಮಾಂಸದ ಸಾರಿನಲ್ಲಿ ರೊಟ್ಟಿಯ ಚೂರುಗಳನ್ನು ಬೇಯಿಸಿ ಕೊಡುವ ಬಟ್ಟಲು. ಇದರ ಅರ್ಧ ಅಡುಗೆಯನ್ನು ತಿನ್ನುವವನೇ ಮಾಡಬೇಕು ಎನ್ನುವುದು ಇದರ ಸೊಗಸು. ಕುಳಿತ ಕೂಡಲೇ ಖಾಲಿ ಬಟ್ಟಲು ಮತ್ತು ಒಂದೆರಡು ದಪ್ಪ, ಗಟ್ಟಿ ರೊಟ್ಟಿಗಳನ್ನು ತಂದಿಡುತ್ತಾರೆ. ಅರೆಬೆಂದ ರೊಟ್ಟಿ ಅದು. ಅದನ್ನು ಕೈಯಿಂದಲೇ ಚಿವುಟಿ ಚಿವುಟಿ ಕಾಳಿನ ಗಾತ್ರದ ಚೂರು ಮಾಡಬೇಕು. ಮೊದಲು ನಾಲ್ಕು ಭಾಗ ಮಾಡಿ, ಪ್ರತಿ ಭಾಗವನ್ನು ಎರಡು ಪದರವಾಗಿ ಸೀಳಿ, ಆಮೇಲೆ ಹೆಬ್ಬೆರಳಿನ ಉಗುರಿನಿಂದ ಕೀಳುತ್ತಾ ಹೋದರೆ ಸುಲಭ. ಹದಿನೈದು ಇಪ್ಪತ್ತು ನಿಮಿಷವಾದರೂ ಬೇಕು. ಪಕ್ಕದ ಮೇಜಿನ ಅಜ್ಜಂದಿರು ಹರಟುತ್ತಾ, ಬಟ್ಟಲನ್ನು ನೋಡದೆಯೇ ಒಂದೇ ಅಳತೆಯ ಚೂರು ಉದುರಿಸುತ್ತಿರುತ್ತಾರೆ. ದೊಡ್ಡ ತುಂಡು ಬಿಟ್ಟರೆ ಸಾರು ಒಳಕ್ಕೆ ಹೋಗದು, ನಡು ಹಸಿಯಾಗಿಯೇ ಉಳಿಯುತ್ತದೆ.

ಚೂರು ಮಾಡಿ ಆದ ಮೇಲೆ ಬಟ್ಟಲಿಗೊಂದು ಸಂಖ್ಯೆಯ ಚೀಟಿ ಸಿಕ್ಕಿಸಿ ಅಡುಗೆಮನೆಗೆ ಒಯ್ಯುತ್ತಾರೆ. ನೀವು ಚಿವುಟಿದ ರೊಟ್ಟಿ ನಿಮಗೇ ವಾಪಸ್ ಬರಬೇಕಲ್ಲ. ಜೊತೆಗೆ ಸಿಹಿಹುಳಿಯಲ್ಲಿ ನೆನೆಸಿದ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಮೆಣಸಿನಕಾಯಿ ಗೊಜ್ಜು ಬರುತ್ತವೆ. ಎಲ್ಲವನ್ನೂ ಕಲಸಿಬಿಡಬಾರದು, ಬಟ್ಟಲಿನ ಅಂಚಿನಿಂದ ಸ್ವಲ್ಪ ಸ್ವಲ್ಪವೇ ತಿನ್ನುತ್ತಾ ಒಳಕ್ಕೆ ಬರಬೇಕು ಎನ್ನುತ್ತಾರೆ ಊರಿನವರು. ಹಾಗೆ ತಿಂದರೆ ಕೊನೆಯ ತುತ್ತಿನವರೆಗೂ ಬಿಸಿ ಆರುವುದಿಲ್ಲ.

ನಾವು ಅಪ್ಪಟ ಸಸ್ಯಾಹಾರಿಗಳು. ಬಿಸ್ಕತ್ತು ತಿಂದುಕೊಂಡೇ ಇರಬೇಕೇ?

ಖಂಡಿತ ಬೇಡ. ಚೀನಾದ ಊರುಗಳಲ್ಲಿ ಸಸ್ಯಾಹಾರಿಗೆ ಶಿಯಾನ್ ಸಾಕಷ್ಟು ಅನುಕೂಲದ ಊರು. ಇಲ್ಲಿನವರ ಮುಖ್ಯ ಧಾನ್ಯ ಗೋಧಿ, ಖಾರ ಹುಳಿ ಎಂದರೆ ಪ್ರಾಣ. ನಮ್ಮ ನಾಲಿಗೆಗೆ ಹೊಂದುವ ರುಚಿಗಳಿವು.

ಮೊದಲು ಲಿಯಾಂಗ್‌ಪಿ ಕೇಳಿ. ಗೋಧಿ ಹಿಟ್ಟನ್ನು ನಾದಿ, ಮುದ್ದೆಯನ್ನು ನೀರಿನಲ್ಲಿ ಹಿಸುಕಿ ತೊಳೆಯುತ್ತಾರೆ. ಪಿಷ್ಟವೆಲ್ಲ ನೀರಿಗೆ ಇಳಿದು, ಕೈಯಲ್ಲಿ ರಬ್ಬರಿನಂತಹ ಅಂಟು ಮಾತ್ರ ಉಳಿಯುತ್ತದೆ. ಆ ನೀರನ್ನು ತಂಗಲು ಬಿಟ್ಟು, ತಳದ ಗಟ್ಟಿಯನ್ನು ಅಗಲ ತಟ್ಟೆಗೆ ತೆಳ್ಳಗೆ ಹೊಯ್ದು ಹಬೆಯಲ್ಲಿ ಬೇಯಿಸಿದರೆ ಅರೆಪಾರದರ್ಶಕ ಹಾಳೆಯಾಗುತ್ತದೆ. ಅದನ್ನು ದೊಡ್ಡ ಕತ್ತಿಯಿಂದ ಉದ್ದುದ್ದ ಕತ್ತರಿಸಿ, ಸೌತೆಕಾಯಿ ಅಥವಾ ಮೊಳಕೆ ಕಾಳು, ಬೆಳ್ಳುಳ್ಳಿ ನೀರು, ಕಪ್ಪು ವಿನೆಗರ್, ಮೆಣಸಿನ ಎಣ್ಣೆ ಹಾಕಿ ಕಲಸಿ ಕೊಡುತ್ತಾರೆ. ತೊಳೆದು ಉಳಿದ ಅಂಟೂ ವ್ಯರ್ಥವಾಗುವುದಿಲ್ಲ. ಬೇಯಿಸಿ ಚೌಕವಾಗಿ ಕತ್ತರಿಸಿ ಇದರ ಮೇಲೆಯೇ ಹಾಕುತ್ತಾರೆ. ತಣ್ಣಗೆ ತಿನ್ನುವ ತಿನಿಸು. ಮುಸ್ಲಿಂ ಕೇರಿಯ ಅಂಗಡಿಗಳಲ್ಲಿ ಇದಕ್ಕೆ ಎಳ್ಳಿನ ಗೊಜ್ಜು ಸುರಿಯುತ್ತಾರೆ, ನನಗೆ ಅದೇ ಹೆಚ್ಚು ಇಷ್ಟ.

ಎರಡನೆಯದು ಯೌಪೊ ಮ್ಯಾನ್. ಕೈಯಲ್ಲೇ ಎಳೆದು, ಮೇಜಿಗೆ ಬಡಿದು ಉದ್ದ ಮಾಡಿದ ಅಗಲವಾದ ನೂಡಲ್ಸ್ ಬೇಯಿಸಿ ಬಟ್ಟಲಿಗೆ ಹಾಕಿ, ಮೇಲೆ ಸೊಪ್ಪು, ಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ ಗುಡ್ಡೆ ಮಾಡುತ್ತಾರೆ. ಅದರ ನೆತ್ತಿಗೆ ಹೊಗೆಯಾಡುವ ಎಣ್ಣೆ ಸುರಿದಾಗ ಚುರ್ ಎಂದು ಸದ್ದು ಬಂದು, ಒಗ್ಗರಣೆ ಹಾಕಿದ ಅಡುಗೆಮನೆಯ ಘಾಟೇ ಮೂಗಿಗೆ ಬಡಿಯುತ್ತದೆ. ಬಿಯಾಂಗ್‌ಬಿಯಾಂಗ್ ಮ್ಯಾನ್ ಎಂಬ ಇನ್ನೂ ಅಗಲದ ಬಗೆಯೂ ಇದೆ; ಸಾಮಾನ್ಯವಾಗಿ ಅದಕ್ಕೆ ಮಾಂಸ, ಟೊಮೆಟೊ ಮತ್ತು ಮೊಟ್ಟೆ ಸೇರಿಸುತ್ತಾರೆ. ಹಾಕಬೇಡಿ ಎಂದರೆ ಬಿಡುತ್ತಾರೆ.

ಬೇಡ ಎನ್ನುವುದನ್ನು ಮಾತ್ರ ಬಿಡಿಸಿ ಹೇಳಬೇಕು. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದು, ಮೂಳೆಯ ಸಾರು ಹಾಗೆಯೇ ಉಳಿಯಬಹುದು. ಮಾಂಸ ಬೇಡ, ಮಾಂಸದ ಸಾರು ಬೇಡ, ಕೊಬ್ಬು ಬೇಡ, ಮೊಟ್ಟೆ ಬೇಡ ಎಂದು ಚೀನೀ ಲಿಪಿಯಲ್ಲಿ ಮೊದಲೇ ಬರೆಸಿ ಮೊಬೈಲ್‌ನಲ್ಲಿ ಚಿತ್ರವಾಗಿ ಇಟ್ಟುಕೊಳ್ಳಿ. ಈ ಕಾರಣಕ್ಕೇ ಸಾರಿನ ನೂಡಲ್ಸ್ ಬಿಟ್ಟು ಒಣ ಕಲಸಿದವನ್ನು ಆರಿಸಿಕೊಳ್ಳುವುದು ಕ್ಷೇಮ. ಬೆಳ್ಳುಳ್ಳಿಯನ್ನೂ ತಿನ್ನದವರು ಬೌದ್ಧ ಸಸ್ಯಾಹಾರಿ ಊಟದ ಮನೆಗಳನ್ನು ಹುಡುಕಬೇಕು. ಚೀನೀ ಬೌದ್ಧ ಸಂಪ್ರದಾಯದ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ.

ಸಿಹಿ, ಪಾನೀಯ?

ಮುಸ್ಲಿಂ ಕೇರಿಯಲ್ಲಿ ಝೆಂಗ್‌ಗಾವ್ ಸಿಗುತ್ತದೆ. ಅಂಟು ಅಕ್ಕಿ ಮತ್ತು ಕೆಂಪು ಖರ್ಜೂರದಂತಹ ಝಾವ್ ಹಣ್ಣನ್ನು ಪದರ ಪದರವಾಗಿ ಜೋಡಿಸಿ ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿ, ಅಗಲ ಕತ್ತಿಯಿಂದ ಕೆತ್ತಿ ಕೊಡುತ್ತಾರೆ. ಬೆಳಿಗ್ಗೆಯೇ ಖಾಲಿಯಾಗುವುದುಂಟು. ಲಿನ್‌ತೊಂಗ್‌ನ ಪರ್ಸಿಮನ್ ಹಣ್ಣಿನ ತಿರುಳನ್ನು ಹಿಟ್ಟಿಗೆ ಕಲಸಿ, ಒಳಗೆ ಸಿಹಿ ಹೂರಣ ಇಟ್ಟು ಎಣ್ಣೆಯಲ್ಲಿ ಕರಿದ ಬಿಲ್ಲೆಗಳು ಬಿಸಿಯಲ್ಲಿ ಬಲು ರುಚಿ, ಆರಿದರೆ ಜಿಡ್ಡು. ಲಿನ್‌ತೊಂಗ್ ದಾಳಿಂಬೆಗೂ ಹೆಸರಾದದ್ದು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋದವರು ತಾಜಾ ರಸ ಕುಡಿಯದೆ ಬರಬೇಡಿ. ಬಿಂಗ್‌ಫೆಂಗ್ ಎಂಬ ಕಿತ್ತಳೆ ಸೋಡಾ ಈ ಊರಿನದೇ; ಲಿಯಾಂಗ್‌ಪಿ, ರೌಜ್ಯಾಮೊ, ಬಿಂಗ್‌ಫೆಂಗ್ ಮೂರನ್ನೂ ಒಟ್ಟಿಗೆ ಕೊಳ್ಳುವುದು ಇಲ್ಲಿನ ವಾಡಿಕೆ. ಹಾಲು ಹಾಕಿದ ಚಹಾ, ಕಾಫಿಗೆ ದೊಡ್ಡ ಅಂಗಡಿಗಳಿಗೇ ಹೋಗಬೇಕು.

ಮಧ್ಯಾಹ್ನದ ಮೇಲೆ ಎಲ್ಲಿಗೆ? ಹ್ಯೂಯೆನ್‌ತ್ಸಾಂಗನಿಗೂ ಈ ಊರಿಗೂ ಏನು ಸಂಬಂಧ?

ದೊಡ್ಡ ಹಂಸ ಪಗೋಡಕ್ಕೆ. ಇಡೀ ದಿನದಲ್ಲಿ ಕನ್ನಡಿಗನೊಬ್ಬ ಅತಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು ಎಂದು ನಾನು ಮನಸಾರೆ ನಂಬಿದ್ದೇನೆ.

ಹ್ಯೂಯೆನ್‌ತ್ಸಾಂಗ್ ಹೊರಟದ್ದು ಈ ಊರಿನಿಂದ, ತಿರುಗಿ ಬಂದದ್ದು ಈ ಊರಿಗೆ. ನಳಂದದಲ್ಲಿ ಓದಿ, ಭಾರತದ ಉದ್ದಗಲ ಸುತ್ತಿ, 645ರಲ್ಲಿ 657 ಗ್ರಂಥಗಳನ್ನು ಹೊತ್ತು ಚಾಂಗಾನ್‌ಗೆ ಮರಳಿದರು. ಆ ಸುತ್ತಾಟದ ನಡುವೆ, 641ರ ಆಸುಪಾಸಿನಲ್ಲಿ, ದಖ್ಖನಿಗೂ ಬಂದಿದ್ದರು. ಆಗ ಇಲ್ಲಿ ಆಳುತ್ತಿದ್ದವನು ಬಾದಾಮಿಯ ಇಮ್ಮಡಿ ಪುಲಕೇಶಿ. ಅವನ ಹೆಸರನ್ನು ಅವರು ಬರೆದಿಟ್ಟಿದ್ದಾರೆ. ಇಲ್ಲಿನ ಜನ ಅಭಿಮಾನಿಗಳು, ಉಪಕಾರ ಮರೆಯದವರು, ಅಪಕಾರಕ್ಕೆ ಸೇಡು ತೀರಿಸಿಕೊಳ್ಳದೆ ಬಿಡದವರು ಎಂದಿದ್ದಾರೆ. ಹರ್ಷವರ್ಧನ ಸ್ವತಃ ಸೇನೆ ನಡೆಸಿಕೊಂಡು ಬಂದರೂ ಈ ರಾಜ್ಯವನ್ನು ಮಣಿಸಲಾಗಲಿಲ್ಲ ಎನ್ನುವುದನ್ನೂ ದಾಖಲಿಸಿದ್ದಾರೆ. ಹರ್ಷ ಅವರನ್ನು ಆದರಿಸಿದ ದೊರೆ ಎಂಬುದನ್ನು ನೆನೆದರೆ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. 634ರಲ್ಲಿ ರವಿಕೀರ್ತಿ ಐಹೊಳೆಯ ಮೇಗುಟಿಯಲ್ಲಿ ಕೆತ್ತಿಸಿದ ಶಾಸನ ಹೇಳುವ ಗೆಲುವಿಗೆ ಸಾವಿರಾರು ಮೈಲಿ ದೂರದ ಈ ಊರಿನಲ್ಲಿ, 646ರಲ್ಲಿ ಮುಗಿದ ಪ್ರವಾಸ ವೃತ್ತಾಂತದಲ್ಲಿ, ಸಾಕ್ಷಿ ದೊರೆಯಿತು.

ತಂದ ಗ್ರಂಥಗಳು ಬೆಂಕಿಗೆ ತುತ್ತಾಗದಿರಲಿ ಎಂದು 652ರಲ್ಲಿ ದಾ ಛಿಎನ್ ದೇವಾಲಯದ ಆವರಣದಲ್ಲಿ ಪಗೋಡ ಕಟ್ಟಲಾಯಿತು. ಮೊದಲು ಐದು ಅಂತಸ್ತು. ಈಗ ಏಳು ಅಂತಸ್ತು, 64 ಮೀಟರ್ ಎತ್ತರ. ದೇವಾಲಯದ ಟಿಕೆಟ್ ಬೇರೆ, ಮೇಲೆ ಹತ್ತುವ ಟಿಕೆಟ್ ಬೇರೆ. ಹತ್ತಲಾಗದವರಿಗೆ ಕೆಳಗಿನದೇ ಸಾಕು, ಏಕೆಂದರೆ ನೋಡಲೇಬೇಕಾದದ್ದು ಇರುವುದು ಕೆಳಗೆ. ದಕ್ಷಿಣದ ಬಾಗಿಲಿನ ಎರಡೂ ಪಕ್ಕದ ಗೂಡುಗಳಲ್ಲಿ 653ರ ಎರಡು ಕಲ್ಲುಗಳಿವೆ. ಹ್ಯೂಯೆನ್‌ತ್ಸಾಂಗರ ಅನುವಾದಗಳಿಗೆ ಚಕ್ರವರ್ತಿ ತಾಯ್‌ಝೊಂಗ್ ಮತ್ತು ಅವನ ಮಗ ಬರೆದ ಮುನ್ನುಡಿಗಳು ಅವು, ಹೆಸರಾಂತ ಲಿಪಿಕಾರ ಛು ಸ್ವೇಯ್‌ಲಿಯಾಂಗ್‌ನ ಕೈಬರಹದಲ್ಲಿ. ಜನ ಮೆಟ್ಟಿಲಿನ ಕಡೆಗೆ ನುಗ್ಗುತ್ತಾ ಈ ಕಲ್ಲುಗಳನ್ನು ದಾಟಿ ಹೋಗಿಬಿಡುತ್ತಾರೆ.

ದಕ್ಷಿಣದ ಚೌಕದಲ್ಲಿ ಊರುಗೋಲು ಹಿಡಿದ ಹ್ಯೂಯೆನ್‌ತ್ಸಾಂಗರ ಕಂಚಿನ ಪ್ರತಿಮೆ ಇದೆ. ಶ್ವಾನ್‌ಝಾಂಗ್ ಎಂದು ಕೇಳಿದರೆ ಅಲ್ಲಿನವರಿಗೆ ತಿಳಿಯುತ್ತದೆ. ಮೆಟ್ರೋ ನಿಲ್ದಾಣ ದಾಯಾನ್‌ತಾ.

ಚಿಕ್ಕ ಹಂಸ ಪಗೋಡವನ್ನೂ ನೋಡಬೇಕೇ?

ಕಾಲುನೋವು ಇಲ್ಲದಿದ್ದರೆ ನೋಡಿ. ಎಂಟನೆಯ ಶತಮಾನದ ಆರಂಭದ್ದು. ಸಮುದ್ರ ಮಾರ್ಗವಾಗಿ ಭಾರತಕ್ಕೆ ಹೋಗಿ ಬಂದ ಯಿಜಿಂಗ್ (ಇತ್ಸಿಂಗ್) ಗ್ರಂಥಗಳನ್ನು ಅನುವಾದಿಸಿದ ಜಿಯಾನ್‌ಫು ದೇವಾಲಯದ ಅಂಗಳದಲ್ಲಿದೆ. ಹದಿನೈದು ಅಂತಸ್ತಿನಲ್ಲಿ ಹದಿಮೂರು ಉಳಿದಿವೆ; 1556ರ ಭೀಕರ ಭೂಕಂಪಕ್ಕೆ ತುದಿ ಕಳಚಿಬಿತ್ತು. ದೊಡ್ಡದರ ಗದ್ದಲ ಇಲ್ಲಿಲ್ಲ, ಹಳೆಯ ಮರಗಳ ನೆರಳಿದೆ. ನನ್ನ ಕಣ್ಣಿಗೆ ಎರಡರಲ್ಲಿ ಇದೇ ಚೆಲುವು.

ಶಾನ್‌ಶಿ ಇತಿಹಾಸ ಸಂಗ್ರಹಾಲಯಕ್ಕೆ ಟಿಕೆಟ್ ಸಿಗುವುದೇ ಇಲ್ಲವಂತೆ?

ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮುಂಗಡವಾಗಿ ಕಾಯ್ದಿರಿಸಬೇಕು; ರಜೆಯ ದಿನಗಳಲ್ಲಿ ಬೇಗ ತುಂಬಿಹೋಗುತ್ತದೆ. ಸೋಮವಾರ ಬಾಗಿಲು ಮುಚ್ಚಿರುತ್ತದೆ. ಸಿಕ್ಕರೆ ಎರಡು ಗಂಟೆ ಕೊಡಿ, ದೊಡ್ಡ ಪಗೋಡದಿಂದ ದೂರವೇನಿಲ್ಲ. 1970ರಲ್ಲಿ ಹೆಜಿಯಾ ಎಂಬಲ್ಲಿ ನೆಲ ಅಗೆದಾಗ ಸಿಕ್ಕ ತಾಂಗ್ ಕಾಲದ ಚಿನ್ನ ಬೆಳ್ಳಿಯ ನಿಧಿಯಲ್ಲಿ, ಮೂತಿಗೆ ಚಿನ್ನದ ಮುಚ್ಚಳವಿರುವ, ಪ್ರಾಣಿಯ ತಲೆಯಾಕಾರದ ಅಗೇಟ್ ಕಲ್ಲಿನ ಬಟ್ಟಲು ಇದೆ. ಅದೊಂದನ್ನು ಹತ್ತಿರದಿಂದ ನೋಡಿದರೂ ಬಂದದ್ದು ಸಾರ್ಥಕ.

ರಾತ್ರಿ?

ದೊಡ್ಡ ಪಗೋಡದ ಉತ್ತರ ಚೌಕದಲ್ಲಿ ಸಂಗೀತ ಕಾರಂಜಿ, ದಕ್ಷಿಣಕ್ಕೆ ತಾಂಗ್ ಕಾಲದ ಅಲಂಕಾರದ ದೀಪಗಳ ಬೀದಿ. ಹೊಸದಾಗಿ ಕಟ್ಟಿದ್ದು, ಜನಜಂಗುಳಿ ವಿಪರೀತ. ಹಳೆಯ ಕಾಲದ ಉಡುಪು ಬಾಡಿಗೆಗೆ ಪಡೆದು ತೊಟ್ಟ ಹುಡುಗಿಯರು ಬೀದಿ ತುಂಬ ಕಾಣುತ್ತಾರೆ. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಹಿರಿಯರಿಗೆ ಗಂಟೆ ಗೋಪುರದ ಬಳಿಯ ಚೌಕ ಹಿತ.

ವೀಸಾ, ಹಣ, ಇಂಟರ್ನೆಟ್, ಓಡಾಟ?

ಭಾರತದ ಪಾಸ್‌ಪೋರ್ಟ್ ಇರುವವರು ಪ್ರವಾಸಿ ವೀಸಾ ಮಾಡಿಸಿಕೊಂಡೇ ಹೋಗಬೇಕು. ಮೂಲ ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಲಿ. ರೈಲಿಗೂ ಸಂಗ್ರಹಾಲಯಕ್ಕೂ ಅದೇ ಟಿಕೆಟ್ ಇದ್ದ ಹಾಗೆ. ಬೀದಿ ಬದಿಯ ಅಂಗಡಿಯಲ್ಲೂ ಮೊಬೈಲ್ ಪಾವತಿಯೇ ನಡೆಯುವುದು. ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಭಾರತದಲ್ಲಿರುವಾಗಲೇ ಜೋಡಿಸಿ, ಜೊತೆಗೆ ಸ್ವಲ್ಪ ಯುವಾನ್ ನಗದು ಇಟ್ಟುಕೊಳ್ಳಿ. ಗೂಗಲ್, ವಾಟ್ಸ್ಆ್ಯಪ್ ಅಲ್ಲಿನ ಜಾಲದಲ್ಲಿ ತೆರೆಯುವುದಿಲ್ಲ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡರೆ ತೆರೆಯುತ್ತವೆ.

ಬೀಜಿಂಗ್‌ನಿಂದ ಅತಿವೇಗದ ರೈಲಿನಲ್ಲಿ ನಾಲ್ಕೂವರೆಯಿಂದ ಆರು ಗಂಟೆ. ಇಳಿಯುವ ಉತ್ತರ ನಿಲ್ದಾಣದಿಂದ ಮೆಟ್ರೋ ಎರಡನೆಯ ಮಾರ್ಗ ನೇರವಾಗಿ ಗಂಟೆ ಗೋಪುರಕ್ಕೂ ದಕ್ಷಿಣದ ಹೆಬ್ಬಾಗಿಲಿಗೂ ಬರುತ್ತದೆ. ಉಳಿದುಕೊಳ್ಳಲು ಕೋಟೆಯ ಒಳಗೇ ಜಾಗ ಹುಡುಕಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ, ಸೆಪ್ಟೆಂಬರ್, ಅಕ್ಟೋಬರ್. ಆದರೆ ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆಯಲ್ಲಿ ಬೇಡವೇ ಬೇಡ, ಮೇ ತಿಂಗಳ ಆರಂಭದ ರಜೆಯಲ್ಲೂ ಬೇಡ. ಜುಲೈನಲ್ಲಿ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವುದುಂಟು, ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ. ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇಡೀ ದೇಶಕ್ಕೆ ಬೀಜಿಂಗ್ ಸಮಯವೇ ಆದ್ದರಿಂದ ಬೇಸಿಗೆಯಲ್ಲಿ ಇಲ್ಲಿ ಎಂಟರ ಹತ್ತಿರದವರೆಗೂ ಬೆಳಕಿರುತ್ತದೆ.

ಎರಡನೆಯ ದಿನ ಸಿಕ್ಕಿತು. ಈಗ ಮಣ್ಣಿನ ಸೈನಿಕರು?

ಈಗ ಹೋಗಿ, ಬೆಳಿಗ್ಗೆ ಬೇಗ ಹೋಗಿ. ಮೆಟ್ರೋ ಒಂಬತ್ತನೆಯ ಮಾರ್ಗದಲ್ಲಿ ಹ್ವಾಛಿಂಗ್‌ಛಿ ನಿಲ್ದಾಣದವರೆಗೆ, ಅಲ್ಲಿಂದ ಬಸ್. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲ ಚೂರುಗಳು ಸಿಕ್ಕವು. ಕ್ರಿಸ್ತಪೂರ್ವ 210ರಲ್ಲಿ ತೀರಿಕೊಂಡ ಛಿನ್ ಚಕ್ರವರ್ತಿಯ ಸಮಾಧಿಗೆ ಕಾವಲಾಗಿ ಹೂತಿಟ್ಟ ಸೇನೆ ಅದು. ಸಮಾಧಿಯ ದಿಬ್ಬವನ್ನು ಇಂದಿಗೂ ಅಗೆದಿಲ್ಲ.

ಎಲ್ಲರೂ ಮೊದಲ ಗುಂಡಿಗೆ ಧಾವಿಸುತ್ತಾರೆ. ನೀವು ಮೂರು, ಎರಡು, ಒಂದು ಎಂದು ಹಿಂದುಮುಂದಾಗಿ ನೋಡಿ. ಮೂರನೆಯದು ಚಿಕ್ಕದು, ಸೇನಾಧಿಪತಿಗಳ ಠಾಣೆ. ಎರಡನೆಯದರಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮಂಡಿಯೂರಿದ ಬಿಲ್ಲುಗಾರನನ್ನು ಕೈಯಳತೆಯಲ್ಲಿ ನೋಡಬಹುದು. ಅವನ ಪಾದರಕ್ಷೆಯ ಅಡಿಯಲ್ಲಿ ಹೊಲಿಗೆಯ ಚುಕ್ಕೆಗಳನ್ನು ಸಹ ಬಿಡದೆ ಕೆತ್ತಿದ್ದಾರೆ. ಒಂದೊಂದು ಮುಖವನ್ನೂ ಹೀಗೆ ನೋಡಿಕೊಂಡು ಕೊನೆಗೆ 230 ಮೀಟರ್ ಉದ್ದದ ಮೊದಲ ಗುಂಡಿಗೆ ಕಾಲಿಟ್ಟರೆ ಆ ಸಾಲುಗಳ ಅಗಾಧತೆ ಮನಸ್ಸಿಗೆ ನಾಟುತ್ತದೆ. ಅಲ್ಲಿ ಮುಂದಿನ ಕಟಕಟೆಯ ನೂಕುನುಗ್ಗಲು ಬಿಟ್ಟು ಪಕ್ಕದ ಹಾದಿಯಲ್ಲಿ ಹಿಂಬದಿಗೆ ಹೋಗಿ. ಒಡೆದ ಚೂರುಗಳನ್ನು ಜೋಡಿಸಿ ನಿಲ್ಲಿಸುತ್ತಿರುವ ಅರ್ಧಂಬರ್ಧ ಸೈನಿಕರು ಅಲ್ಲಿದ್ದಾರೆ. ಕಂಚಿನ ರಥಗಳಿಗೆ ಈಗ ಪ್ರತ್ಯೇಕ ಕಟ್ಟಡವಿದೆ, ಸಮಾಧಿಯ ಉದ್ಯಾನದಲ್ಲಿ. ಗುಂಡಿಗಳ ಆವರಣದಿಂದ ಅಲ್ಲಿಗೆ ಉಚಿತ ಬಸ್ ಓಡುತ್ತದೆ, ಅದೇ ಟಿಕೆಟ್ ಸಾಕು. ದಾರಿಯಲ್ಲಿ ಪ್ರತಿಮೆ ತಯಾರಿಸುವ ಕಾರ್ಖಾನೆ ತೋರಿಸುತ್ತೇವೆ ಎನ್ನುವ ಕಾರಿನವರ ಜೊತೆ ಹೋಗಬೇಡಿ, ಅದು ಅಂಗಡಿ. ಮಧ್ಯಾಹ್ನ ಎರಡರೊಳಗೆ ಹೊರಟರೆ ಊರಿಗೆ ಬಂದು ಇನ್ನೊಂದು ತಟ್ಟೆ ಲಿಯಾಂಗ್‌ಪಿ ತಿನ್ನಲು ಸಮಯ ಸಿಗುತ್ತದೆ.